ಸವೆದ ಗುಂಡಿಗೆ ಕುಂಕುಮ

ಜರಗನಹಳ್ಳಿ
9 ಅಕ್ಟೋಬರ್ 2025

ದಿವ್ಯಳಿಗೆ,

ನಿನ್ನ ಅಜ್ಜಿ ಬರೆಯುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನೀನು ಚೆನ್ನಾಗಿದ್ದೀಯೆಂದು ಬಿಳೇಕಹಳ್ಳಿಯಿಂದ ನಿನ್ನ ಅತ್ತೆ ಜಯಶೀಲಾ ದಿನವೂ ಫೋನ್ ಮಾಡಿ ಹೇಳುತ್ತಾಳೆ, ಆದ್ದರಿಂದ ಅದನ್ನು ಕೇಳುವುದಿಲ್ಲ. ನನ್ನ ಫೋನನ್ನು ನೀನು ತೆಗೆಯುತ್ತಿಲ್ಲ. ಜಯಶೀಲಾಳ ಕೈಯಲ್ಲಿ ಚೀಟಿ ಕೊಟ್ಟರೆ ಅವಳು ಓದದೆ ಬಿಡುವವಳಲ್ಲ. ನನ್ನ ಮಗಳು, ನನಗೆ ಗೊತ್ತು. ಅದಕ್ಕೇ ಅಂಚೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಕಾಗದ ಬರೆಯಲು ಇನ್ನೊಬ್ಬರು ಬೇಕಿಲ್ಲ.

ವಾಪಸ್ ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಆಯುಧಪೂಜೆಯ ದಿನ ನಾನು ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ನಿನ್ನಪ್ಪ ಕಾರು, ಸ್ಕೂಟರ್ ತೊಳೆದ. ಅಂಗಡಿಯಿಂದ ಡ್ರಿಲ್ಲಿಂಗ್ ಮೆಷೀನು ತಂದ. ನಾನು ಹಳೆಯ ಕುಡುಗೋಲು, ಹಾರೆ, ಈಳಿಗೆಮಣೆ ತೆಗೆದೆ. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದರೂ ನಮ್ಮಲ್ಲಿ ಕುಡುಗೋಲಿನ ಪೂಜೆ ನಿಂತಿಲ್ಲ. ನಿನ್ನಮ್ಮ ಹೊಲಿಗೆ ಮೆಷೀನು ಒರೆಸಿಟ್ಟಳು. ನೀನು ಸ್ನಾನಕ್ಕೆ ಹೋಗಿದ್ದೆ. ನಿನ್ನ ಮೇಜಿನ ಮೇಲೆ ನೀನು ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಇತ್ತು, ಆ ನೀಲಿ ಬಣ್ಣದ ಗುಂಡಿಗಳ ಪೆಟ್ಟಿಗೆ. ಈ ಮನೆಯಲ್ಲಿ ಯಾರು ಯಾವುದನ್ನು ಹಿಡಿದು ದುಡಿಯುತ್ತಾರೋ ಅದು ಸಾಲಿನಲ್ಲಿ ಇರಬೇಕು. ತಂದು ಡ್ರಿಲ್ಲಿಂಗ್ ಮೆಷೀನಿನ ಪಕ್ಕ ಇಟ್ಟೆ. ಅರಿಶಿನ ಹಚ್ಚಿದೆ. ಕುಂಕುಮವನ್ನು ನೀರಿನಲ್ಲಿ ಕಲಸಿ ಬೊಟ್ಟಿಟ್ಟೆ. ಸೇವಂತಿಗೆ ಇಟ್ಟೆ.

ಪೂಜೆಗಿಟ್ಟದ್ದನ್ನು ಮಾರನೆಯ ದಿನದ ಮಂಗಳಾರತಿಯವರೆಗೆ ಮುಟ್ಟುವ ಹಾಗಿಲ್ಲ. ನೀನು ಒದ್ದೆ ತಲೆಯಲ್ಲೇ ಓಡಿಬಂದು, "ಅಜ್ಜಿ, ನಾಳೆ ಮ್ಯಾಚ್ ಇದೆ, ಪ್ರಾಕ್ಟೀಸ್ ಮಾಡ್ಬೇಕು, ಕೊಡಿ ಪ್ಲೀಸ್" ಎಂದೆ.

"ನಿಮ್ಮಪ್ಪ ಅಂಗ್ಡಿ ಬಾಗ್ಲು ಹಾಕಿಲ್ವಾ? ನಿಂದೊಂದೇನು ಸ್ಪೆಷಲ್ಲು?" ಎಂದೆ ನಾನು.

ವಿಜಯದಶಮಿಯ ದಿನ ಆರತಿ ಮುಗಿದ ತಕ್ಷಣ ನೀನು ಪೆಟ್ಟಿಗೆ ಎತ್ತಿಕೊಂಡು, ದುಪಟ್ಟಾದಲ್ಲಿ ಒರೆಸುತ್ತ ಆಟೋ ಹತ್ತಿದೆ. ಸಂಜೆ ಸೋತು ಬಂದೆ. ನಿನ್ನಪ್ಪ, "ಏನಾಯ್ತು ಮಗಳೆ?" ಎಂದು ಕೇಳಿದ. ನೀನು ನಡುಮನೆಯಲ್ಲಿ ನಿಂತು ಪೆಟ್ಟಿಗೆಯನ್ನು ಅವನ ಮುಂದೆ ಹಿಡಿದೆ.

"ಅಜ್ಜಿ ಇಟ್ಟಿದ್ ಕುಂಕುಮ ಒಳಗ್ ಹೋಗಿ ಬಟನ್ ಅಂಟ್ಕೊಂಡ್ಬಿಡ್ತು. ಅದಕ್ಕೇ ಸೋತಿದ್ದು. ಬೇಕಂತ್ಲೇ ಮಾಡಿದಾರೆ ಅಪ್ಪ. ನಾನ್ ಆಡೋದು ಅವ್ರಿಗೆ ಮೊದ್ಲಿಂದ್ಲೂ ಇಷ್ಟ ಇಲ್ಲ."

ನಿನ್ನಪ್ಪ ನನ್ನ ಕಡೆ ತಿರುಗಿದ. "ಏನಮ್ಮ ಇದು? ಬೇಡ ಅಂದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು. ಹಿಂಗಾ ಮಾಡೋದು?"

ನನ್ನ ಮನೆಯಲ್ಲಿ ನಿಂತು, ನಾನು ಸಾಕಿದವರು, ನೀನು ಮೋಸ ಮಾಡಿದೆಯಾ ಎಂದು ಕೇಳಿದ ಮೇಲೆ ಇಲ್ಲ ಎಂದು ವಾದಿಸುವುದು ನನ್ನಿಂದ ಆಗುವ ಕೆಲಸವಲ್ಲ. ನೀನು ಬಟ್ಟೆ ಕಟ್ಟಿಕೊಂಡು ಅತ್ತೆಯ ಮನೆಗೆ ಹೋದೆ.

ಏನು ಮಾಡಿದೆ ಎಂದು ಬರೆದಿದ್ದೇನೆ. ಯಾಕೆ ಮಾಡಿದೆ ಎಂಬುದನ್ನು ನೀನೇ ತಿಳಿದುಕೋ.

ಸೊಣ್ಣಮ್ಮ


ಬಿಳೇಕಹಳ್ಳಿ
24 ಅಕ್ಟೋಬರ್ 2025

ಅಜ್ಜಿಗೆ,

ಕಾಗದ ತಲುಪಿತು. ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ, ಅದಕ್ಕೆ ವಾರಕ್ಕಿಂತ ಹೆಚ್ಚು ಹಿಡಿಯಿತು. ಕನ್ನಡದಲ್ಲಿ ಇಷ್ಟುದ್ದ ಬರೆದು ನನಗೆ ಅಭ್ಯಾಸ ತಪ್ಪಿದೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಯಾಕೆ ಮಾಡಿದಿರಿ ಎಂದು ನಾನೇ ತಿಳಿದುಕೊಳ್ಳಬೇಕಂತೆ. ತಿಳಿದುಕೊಂಡಿದ್ದೇನೆ. ಹೋದ ವರ್ಷ ನೀವು ನನ್ನ ರೂಮಿನ ಬಾಗಿಲಲ್ಲಿ ನಿಂತು, ಕೆಳಗಿನ ಮನೆಯ ಏಕಾಂತಯ್ಯ ಅಂಕಲ್‌ಗೆ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತಿದೆ. "ನೋಡಿ ನಮ್ಮುಡ್ಗಿ ಕಾದಾಟಾನ. ಹೊಡೆಯೋದ್ ಕಮ್ಮಿ, ಹಿಂದಕ್ಕ್ ಓಡೋದೇ ಜಾಸ್ತಿ. ನಮ್ಮನೇಲಿ ಯಾರೂ ಹಿಂಗ್ ಓಡ್ದೋರಿಲ್ಲ." ಅಂಕಲ್ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡುವುದು.

ಅದು ಓಡುವುದಲ್ಲ ಅಜ್ಜಿ. ಹಿಂದಕ್ಕೆ ಸರಿಸುವ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ತೆರೆಯ ಮೇಲೆ ನಾನು ಆಡಿಸುವ ಹೆಂಗಸು ಹಿಂದಕ್ಕೆ ಒಂದು ಸಣ್ಣ ಜಿಗಿತ ಜಿಗಿಯುತ್ತಾಳೆ. ಬ್ಯಾಕ್ ಡ್ಯಾಶ್ ಅನ್ನುತ್ತೇವೆ. ಜಿಗಿದು ಕಾಲೂರುವವರೆಗೆ ಅವಳು ಹೊಡೆಯಲಾರಳು, ಬಂದ ಏಟನ್ನು ತಡೆಯಲೂ ಆರಳು. ಎದುರಾಳಿ ಕಾಯುವುದೇ ಆ ಚೂರು ಹೊತ್ತಿಗೆ. ಅದಕ್ಕೆ ಜಿಗಿತ ಮುಗಿಯುವ ಮೊದಲೇ ಕೆಳಕ್ಕೆ ಬಗ್ಗಿಸುವ ಗುಂಡಿ ತಟ್ಟಿ ಅದನ್ನು ತುಂಡರಿಸಬೇಕು. ಅವಳು ಕಂಡೂ ಕಾಣದಷ್ಟು ಕುಗ್ಗುತ್ತಾಳೆ. ಅಷ್ಟರಲ್ಲಿ ಮತ್ತೆ ಹಿಂದಿನದನ್ನು ಒತ್ತಿದರೆ ಇನ್ನೊಂದು ಜಿಗಿತ. ಒಂದಕ್ಕೊಂದು ಹೆಣೆದು ಬಿಡದೆ ಮಾಡಿದರೆ ಅವಳು ನೆಲದ ಮೇಲೆ ಜಾರಿದ ಹಾಗೆ ಹಿಂದೆ ಸರಿಯುತ್ತಾಳೆ, ಎಲ್ಲಿಯೂ ಕೈಗೆ ಸಿಗುವುದಿಲ್ಲ. ಎದುರಾಳಿಯ ಏಟು ಅವಳ ಮೂಗಿನ ಮುಂದೆ ಗಾಳಿಗೆ ಹೋಗಬೇಕು. ಅವನ ಕೈ ಇನ್ನೂ ಚಾಚಿರುವಾಗಲೇ ನಾನು ಹೊಡೆಯಬೇಕು. ನನ್ನ ಆಟವೆಲ್ಲ ಇಷ್ಟೇ. ಇದು ಬೆರಳಿಗೆ ಇಳಿಯಲು ವರ್ಷ ಹಿಡಿದಿದೆ.

ಆ ಪೆಟ್ಟಿಗೆಯಲ್ಲಿ ಅಷ್ಟೊಂದು ಗುಂಡಿಗಳಿವೆ. ನೀವು ಬೊಟ್ಟಿಟ್ಟದ್ದು ಹಿಂದಿನ ಗುಂಡಿಗೆ, ಅದೊಂದಕ್ಕೇ. ಯಾವುದು ಕೆಟ್ಟರೆ ನಾನು ಕೆಡುತ್ತೇನೆಂದು ತಿಳಿದವರಿಗಲ್ಲದೆ ಬೇರೆಯವರಿಗೆ ಅದು ಹೇಗೆ ಹೊಳೆಯುತ್ತದೆ? ಹೇಳಿ.

ಬಿ.ಕಾಂ. ಮುಗಿದ ಮೇಲೆ ಅಪ್ಪ ನನಗೆ ಆಡಲು ಒಂದು ವರ್ಷ ಕೊಟ್ಟಿದ್ದರು. ವಿಜಯದಶಮಿಯ ಪಂದ್ಯ ಗೆದ್ದರೆ ಮುಂಬೈಯ ದೊಡ್ಡ ಪಂದ್ಯಕ್ಕೆ, ಸೋತರೆ ಆಟ ಬಿಟ್ಟು ಅಂಗಡಿಗೆ ಎಂದು ಮಾತಾಗಿದ್ದು ನಿಮಗೂ ಗೊತ್ತು. ಪೆಟ್ಟಿಗೆ ಕೆಟ್ಟು ಸೋತದ್ದು ಸೋಲಲ್ಲ ಎಂದು ಅಪ್ಪ ಇನ್ನೊಂದು ಪಂದ್ಯಕ್ಕೆ ಒಪ್ಪಿದ್ದಾರೆ. ಜನವರಿ ಇಪ್ಪತ್ತಾರಕ್ಕೆ. ಅದೇ ಕೊನೆಯದು. ಅಲ್ಲಿಯವರೆಗೆ ನಾನು ಜರಗನಹಳ್ಳಿಗೆ ಬರುವುದಿಲ್ಲ.

ದಿವ್ಯ


ಜರಗನಹಳ್ಳಿ
11 ನವೆಂಬರ್ 2025

ದಿವ್ಯಳಿಗೆ,

ನಿನ್ನ ಅಕ್ಷರ ಹಾಳಾಗಿದೆ. ಐದನೆಯ ಕ್ಲಾಸಿನಲ್ಲಿ ಇದಕ್ಕಿಂತ ದುಂಡಗಿತ್ತು.

ಹೇಗೆ ಹೊಳೆಯಿತು ಎಂದು ಕೇಳಿದ್ದೀಯ. ಕುಡುಗೋಲಿಗೆ ಬೊಟ್ಟಿಡುವುದು ಹಿಡಿಗಲ್ಲ, ಅಲಗಿಗೆ. ಕಾರಿಗಾದರೆ ಸ್ಟೀರಿಂಗಿಗೆ, ಹೊಲಿಗೆ ಮೆಷೀನಿಗಾದರೆ ಸೂಜಿಯ ಹತ್ತಿರ. ಯಾವುದು ಹೆಚ್ಚು ದುಡಿಯುತ್ತದೋ ಅದಕ್ಕೆ. ನಿನ್ನ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೇರೆ ಗುಂಡಿಗಳೆಲ್ಲ ಅಂಗಡಿಯಿಂದ ತಂದ ಹಾಗಿದ್ದವು. ಒಂದು ಮಾತ್ರ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಅದು ಹಿಂದಿನದೋ ಮುಂದಿನದೋ ನನಗೆ ತಿಳಿಯದು. ಇದು ಸಮಜಾಯಿಷಿ ಅಲ್ಲ. ಕೇಳಿದೆ, ಹೇಳಿದೆ.

ನಿನ್ನಪ್ಪ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಊಟದ ತಟ್ಟೆಯನ್ನು ಹಾಲಿಗೆ ತೆಗೆದುಕೊಂಡು ಹೋಗುತ್ತಾನೆ. ಮೊನ್ನೆ ಗೇಟಿನ ಹತ್ತಿರ ಏಕಾಂತಯ್ಯ, "ಏನ್ ಸೊಣ್ಣಮ್ಮನೋರೆ, ಪೂಜೆ ಮಾಡೇ ಸೋಲಿಸ್ಬಿಟ್ರಂತೆ ಹುಡ್ಗೀನ?" ಎಂದು ಹಲ್ಲು ಬಿಟ್ಟ. "ನಿಮ್ ಸ್ಕೂಟ್ರು ಗೇಟಿಗ್ ಅಡ್ಡ ನಿಂತೈತೆ, ಮೊದ್ಲು ಅದನ್ನ ತೆಗೀರಿ" ಎಂದೆ. ತೆಗೆದ. ಆದರೆ ಬಾಡಿಗೆಗೆ ಇರುವವನು ಹೀಗೆ ಕೇಳುವಷ್ಟಾಯಿತು.

ನಿನ್ನ ಪಂದ್ಯದ ವಿಡಿಯೋ ಯೂಟ್ಯೂಬಿನಲ್ಲಿ ಇದೆಯೆಂದು ನಿನ್ನಮ್ಮ ಹೇಳಿದಳು. ಹಾಕಿಕೊಡು ಎಂದು ನಿನ್ನಪ್ಪನಿಗೆ ಹೇಳಿದೆ. ಟೀವಿಗೆ ಹಾಕಿಕೊಟ್ಟು, ತನ್ನ ಕೈಯಲ್ಲಿ ನೋಡಲಾಗದೆಂದು ಅಂಗಡಿಗೆ ಹೋದ. ಅವನು ಈವರೆಗೂ ಅದನ್ನು ನೋಡಿಲ್ಲ. ನಾನು ನೋಡಿದೆ. ನಡುವೆ ಇಬ್ಬರ ಕಾದಾಟ, ಮೂಲೆಯ ಚೌಕದಲ್ಲಿ ನಿನ್ನ ಮುಖ ಮತ್ತು ಕೈ. ಮೊದಲ ಆಟದಲ್ಲಿ ನಿನ್ನ ಹೆಂಗಸು ಜಿಗಿಯಬೇಕಾದ ಕಡೆ ನಿಂತುಬಿಟ್ಟಳು, ಏಟು ತಿಂದಳು. ಅದು ನನ್ನ ಕುಂಕುಮ. ಒಪ್ಪಿದೆ. ಆಮೇಲಿನವನ್ನೂ ನೋಡಿದೆ.

ನೀನು ಬರೆದಿದ್ದ ಕುಗ್ಗುವುದು ಮೊದಲು ಕಾಣಲಿಲ್ಲ. ನಿಧಾನ ಮಾಡಿ ನೋಡುವುದು ಹೇಗೆಂದು ನಿನ್ನಮ್ಮ ತೋರಿಸಿದ ಮೇಲೆ ಕಂಡಿತು. ಎದುರಿಗಿದ್ದವನು ಬಗ್ಗಿ ಎದ್ದು, ಬಗ್ಗಿ ಎದ್ದು, ಅಲೆ ಬಂದ ಹಾಗೆ ಮುಂದಕ್ಕೆ ನುಗ್ಗುತ್ತಾನಲ್ಲ, ಅದೇನು? ಅವನು ಹಾಗೆ ಬರುವಾಗ ನೀನು ಪಕ್ಕಕ್ಕೆ ಯಾಕೆ ಸರಿಯುವುದಿಲ್ಲ? ಜಾಗ ಇರುತ್ತದೆ.

ಸೊಣ್ಣಮ್ಮ


ಬಿಳೇಕಹಳ್ಳಿ
8 ಡಿಸೆಂಬರ್ 2025

ಅಜ್ಜಿಗೆ,

ನೀವು ನಿಧಾನ ಮಾಡಿ ನೋಡಿದ್ದು ಓದಿ ಅತ್ತೆಯ ಎದುರಿಗೇ ನಕ್ಕುಬಿಟ್ಟೆ. ಏನೆಂದು ಕೇಳಿದರು. ಹೇಳಲಿಲ್ಲ.

ಅಲೆಯ ಹಾಗೆ ಬರುವುದಕ್ಕೆ ಹೆಸರೇ ವೇವ್ ಡ್ಯಾಶ್. ಮುಂದೆ, ಕೆಳಗೆ, ಓರೆಯಾಗಿ ಕೆಳಗೆ-ಮುಂದೆ; ಇದನ್ನು ಬಿಡದೆ ಒತ್ತುತ್ತ ಹೋಗಬೇಕು. ನಾನು ಮಾಡುವುದಕ್ಕೆ ತಿರುಗುಮುರುಗು. ಅವನು ಬಗ್ಗಿರುವಾಗ ಎತ್ತರದ ಏಟು ತಲೆಯ ಮೇಲೆ ಹೋಗುತ್ತದೆ. ಅಲ್ಲಿಂದ ಅವನು ಕಾಲಿಗೂ ಹೊಡೆಯಬಹುದು, ಎದ್ದು ಗದ್ದಕ್ಕೂ ಹೊಡೆಯಬಹುದು. ಯಾವುದೆಂದು ಊಹಿಸುವ ಕಷ್ಟ ನನಗೆ. ಪಕ್ಕಕ್ಕೆ ಸರಿಯಬಹುದು, ನೀವು ಹೇಳಿದ್ದು ಸರಿ. ಆದರೆ ಸರಿಯುವ ಹೊತ್ತು ತಪ್ಪಿದರೆ ಬೆನ್ನು ಕೊಟ್ಟ ಹಾಗೆ. ನನಗೆ ಹೆದರಿಕೆ. ಹಿಂದೆ ಹೋಗುವುದು ಕೈಗೆ ಒಗ್ಗಿದೆ.

ಪೆಟ್ಟಿಗೆಯನ್ನು ಮನೋಜ್ ಬಿಚ್ಚಿ ತೊಳೆದುಕೊಟ್ಟ. ಪದ್ಮನಾಭನಗರದ ಹುಡುಗ, ನನ್ನ ಜೊತೆ ಅಭ್ಯಾಸ ಮಾಡುವವನು. "ಮಗಾ, ನಿಮ್ಮಜ್ಜಿ ಇದ್ರ ಮೇಲೆ ಬೂದುಗುಂಬ್ಳಕಾಯಿ ಒಡೀಲಿಲ್ವಲ್ಲ, ಪುಣ್ಯ ಮಾಡಿದೀಯ" ಎಂದ. ಈಗ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಯ ಮನೆಯಲ್ಲಿ ಟಕಟಕ ಶಬ್ದಕ್ಕೆ ಮಾವನಿಗೆ ಸಿಟ್ಟು ಬರುತ್ತದೆ, ಅದಕ್ಕೆ ಮನೋಜನ ಮನೆಗೆ ಹೋಗಿ ಆಡುತ್ತೇನೆ. ಅವರಮ್ಮ ಇರುತ್ತಾರೆ, ಚಿಂತೆ ಮಾಡಬೇಡಿ.

ಸವೆದ ಗುಂಡಿಯ ವಿಷಯ ಓದಿದೆ.

ಆಮೇಲಿನವನ್ನೂ ನೋಡಿದೆ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಏನು ಕಂಡಿತು?

ದಿವ್ಯ


ಜರಗನಹಳ್ಳಿ
16 ಜನವರಿ 2026

ದಿವ್ಯಳಿಗೆ,

ಹಬ್ಬ ಆಯಿತು. ನೀನು ಬರಲಿಲ್ಲ. ಎಳ್ಳು ಬೀರಲು ನನ್ನ ನಾದಿನಿ ಬಂದಿದ್ದಳು. ತಟ್ಟೆ ಕೈಗೆ ತೆಗೆದುಕೊಂಡೇ ಕೇಳಿದಳು.

"ಅತ್ಗೆ, ಇಷ್ಟ ಇಲ್ದಿದ್ರೆ ಮಗೂಗೆ ನೇರವಾಗ್ ಬೈಬೇಕಿತ್ತು. ದೇವ್ರನ್ನ ಯಾಕ್ ಮಧ್ಯಕ್ಕ್ ತಂದ್ರಿ?"

ನಿನ್ನಪ್ಪ ಅಲ್ಲೇ ಕೂತಿದ್ದ. ಪೇಪರಿನಿಂದ ತಲೆ ಎತ್ತಲಿಲ್ಲ. ನಿನ್ನಮ್ಮ ಒಳಗೆ ಹೋದಳು. ನಾನು ನಾದಿನಿಗೆ ಕಬ್ಬಿನ ತುಂಡು ಕೊಟ್ಟು ಕಳಿಸಿದೆ. ದೇವರ ಹೆಸರಿನಲ್ಲಿ ಮೊಮ್ಮಗಳಿಗೆ ಮೋಸ ಮಾಡಿದವಳು ಎಂಬುದು ಈಗ ನಮ್ಮ ನೆಂಟರಲ್ಲೆಲ್ಲ ಆಡುವ ಮಾತು. ಅತ್ತೆ ಇದ್ದಾಗ, ಯಜಮಾನರು ಹೋದಾಗ, ಜಮೀನು ಭಾಗವಾದಾಗ ಕೂಡ ನನ್ನ ಮೇಲೆ ಯಾರೂ ಅಂಥ ಮಾತು ಆಡಿರಲಿಲ್ಲ.

ಅದು ಇರಲಿ. ನಿನಗೆ ಪಂದ್ಯ ಹತ್ತಿರ ಬಂತು. ನಿನ್ನ ಹಳೆಯ ಪಂದ್ಯಗಳನ್ನೂ ಹಾಕಿಸಿಕೊಂಡು ನೋಡಿದೆ. ಹಿಂದೆ ಸರಿಯುವುದನ್ನು ನಿನ್ನಷ್ಟು ಚೆನ್ನಾಗಿ ಬೇರೆ ಯಾರೂ ಮಾಡುವುದಿಲ್ಲ, ಅದು ನನ್ನ ಕಣ್ಣಿಗೂ ಕಾಣುತ್ತದೆ. ಆದರೆ ಎದುರಾಳಿ ಹೊಡೆದು ತಪ್ಪಿದ ಮೇಲೆ, ಅವನ ಕೈ ಚಾಚಿರುವಾಗ ನೀನು ಹೊಡೆಯಬೇಕೆಂದು ನೀನೇ ಬರೆದಿದ್ದೀಯ. ಹೊಡೆಯುವುದಿಲ್ಲ. ಇನ್ನೊಂದು ಹೆಜ್ಜೆ ಹಿಂದೆ ಹೋಗುತ್ತೀಯ. ಆಮೇಲೆ ಇನ್ನೊಂದು. ಕೊನೆಗೆ ಬೆನ್ನಿಗೆ ಗೋಡೆ ಸಿಗುತ್ತದೆ. ಎಲ್ಲ ಸೋಲೂ ಗೋಡೆಯ ಹತ್ತಿರವೇ ಆಗಿದೆ. ನೋಡಿಕೋ.

ಏನು ಕಂಡಿತು ಎಂದು ಕೇಳಿದ್ದೀಯ. ಇಪ್ಪತ್ತಾರು ಕಳೆಯಲಿ.

ಸೊಣ್ಣಮ್ಮ


ಬಿಳೇಕಹಳ್ಳಿ
30 ಜನವರಿ 2026

ಅಜ್ಜಿಗೆ,

ಸೋತೆ. ಅಮ್ಮ ಹೇಳಿರುತ್ತಾರೆ.

ಬನಶಂಕರಿಯ ಒಬ್ಬಳು ಹುಡುಗಿ, ನನಗಿಂತ ಚಿಕ್ಕವಳು. ಮೊದಲ ಆಟ ನಾನು ಗೆದ್ದೆ. ಎರಡನೆಯದರಲ್ಲಿ ಅವಳ ಏಟು ತಪ್ಪಿತು, ನಿಮ್ಮ ಮಾತು ನೆನಪಾಗಿ ಹೊಡೆದೆ, ಬಿತ್ತು. ಇನ್ನೇನು ಎಂದುಕೊಂಡೆ. ಆಮೇಲೆ ಕೈ ತನ್ನ ಪಾಡಿಗೆ ತಾನು ಹಿಂದೆ ಹಿಂದೆ ಹೋಯಿತು. ಗೋಡೆ ಇದ್ದದ್ದು ಗೊತ್ತಾಗಿದ್ದು ಬೆನ್ನಿಗೆ ತಾಗಿದಾಗ. ಉಳಿದ ಆಟಗಳೂ ಹಾಗೇ. ಪೆಟ್ಟಿಗೆ ಚೆನ್ನಾಗಿತ್ತು. ಒಂದು ಸಲವೂ ಕೈಕೊಡಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಒಂದ್ಸಲ ಕೆಟ್ಟಿದ್ದು ಎಲ್ ಸರಿಹೋಗತ್ತೆ ಬಿಡು ಮಗಳೆ. ಆವತ್ತು ಅಮ್ಮ ಹಂಗ್ ಮಾಡ್ದೆ ಇದ್ದಿದ್ರೆ ನೀನು ಯಾವತ್ತೋ ಗೆದ್ದಿರ್ತಿದ್ದೆ. ಇನ್ನೊಂದ್ ಸಲ ನೋಡೋಣ" ಎಂದರು.

ನಾನು "ಹ್ಞೂಂ" ಎಂದೆ.

ಇದನ್ನು ನಿಮಗೇ ಯಾಕೆ ಬರೆಯುತ್ತಿದ್ದೇನೆ, ಗೊತ್ತಿಲ್ಲ.

ಇಪ್ಪತ್ತಾರು ಕಳೆಯಿತು. ಏನು ಕಂಡಿತು, ಹೇಳಿ.

ದಿವ್ಯ


ಜರಗನಹಳ್ಳಿ
9 ಫೆಬ್ರವರಿ 2026

ದಿವ್ಯಳಿಗೆ,

ಕಂಡದ್ದು ಇದು. ವಿಜಯದಶಮಿಯ ಪಂದ್ಯದಲ್ಲಿ ಮೊದಲ ಆಟ ಮುಗಿದ ಮೇಲೆ ಒಬ್ಬ ಹುಡುಗ ಬಂದು ನಿನ್ನ ಮುಂದೆ ಒಂದು ಕಪ್ಪು ಪೆಟ್ಟಿಗೆ ಇಟ್ಟ. ಮನೋಜ್ ಇರಬೇಕು. ನೀನು ನೀಲಿಯದನ್ನು ಪಕ್ಕಕ್ಕೆ ತಳ್ಳಿದೆ. ಆಮೇಲಿನ ಆಟಗಳನ್ನೆಲ್ಲ ಕಪ್ಪು ಪೆಟ್ಟಿಗೆಯಲ್ಲಿ ಆಡಿದೆ. ಎರಡನೆಯದನ್ನು ಗೆದ್ದೆ, ನಿನ್ನ ಹೆಂಗಸು ಜಾರಿದ ಹಾಗೆ ಸರಿದಳು, ಎಲ್ಲಿಯೂ ತಡೆಯಲಿಲ್ಲ. ಆಗ ಇಬ್ಬರೂ ಸಮ. ಆಮೇಲಿನ ಎರಡನ್ನು ಸೋತೆ. ಗೋಡೆಯ ಹತ್ತಿರ. ಅಲ್ಲಿ ನನ್ನ ಕುಂಕುಮ ಇರಲಿಲ್ಲ.

ಇದನ್ನು ನವೆಂಬರಿನಲ್ಲೇ ನಿನ್ನಪ್ಪನಿಗೆ ತೋರಿಸಬಹುದಿತ್ತು. ಟೀವಿಯ ಮುಂದೆ ಕೂರಿಸಿದ್ದರೆ ಸಾಕು, ನಾನು ಬಾಯಿ ತೆರೆಯಬೇಕಿರಲಿಲ್ಲ. ತೋರಿಸಿದ್ದರೆ ಮಾರನೆಯ ದಿನವೇ ಅವನು ನಿನ್ನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸುತ್ತಿದ್ದ. ಜನವರಿಯ ಪಂದ್ಯ ನಿನಗೆ ಸಿಗುತ್ತಿರಲಿಲ್ಲ. ಅದಕ್ಕೆ ಸುಮ್ಮನಿದ್ದೆ. ನಿನಗೆ ಸಿಗಬೇಕಾದ್ದು ಸಿಕ್ಕಿತು. ಆಡಿದೆ. ಆ ಲೆಕ್ಕ ಮುಗಿಯಿತು.

ಉಳಿದಿರುವುದು ನನ್ನದು. ಈಗ ನಿನ್ನಪ್ಪ ಇನ್ನೊಂದು ಸಲ ನೋಡೋಣ ಎಂದಿದ್ದಾನೆ. ನೀನು ಹ್ಞೂಂ ಎಂದಿದ್ದೀಯ. ಎರಡನೆಯ ಸಲವೂ ನಿನಗೆ ಅವಕಾಶ ನನ್ನ ಹೆಸರಿನ ಮೇಲೆಯೇ ಸಿಕ್ಕಿತು. ಈ ಸಲ ನಾನು ಕೊಟ್ಟದ್ದಲ್ಲ.

ನಾನು ಅವನಿಗೆ ಈಗಲೂ ತೋರಿಸುವುದಿಲ್ಲ. ಮೊಮ್ಮಗಳ ಮೇಲೆ ಚಾಡಿ ಹೇಳಿ ಹೆಸರು ತೊಳೆದುಕೊಳ್ಳುವ ಹೆಂಗಸು ನಾನಲ್ಲ. ನೀನು ಆ ಮಾತು ಹೇಳಿದ್ದು ನಡುಮನೆಯಲ್ಲಿ, ಎಲ್ಲರ ಎದುರಿಗೆ, ಗಟ್ಟಿಯಾಗಿ. ಅಲ್ಲೇ ನಿಂತು ಅಷ್ಟೇ ಗಟ್ಟಿಯಾಗಿ ನಿಜ ಹೇಳು. ನನಗೆ ಕಾಗದದಲ್ಲಿ ಬರೆಯಬೇಡ. ನನಗೆ ಗೊತ್ತಿರುವುದನ್ನು ನನಗೇ ಬರೆದು ಪ್ರಯೋಜನವಿಲ್ಲ. ಕ್ಷಮಿಸಿ ಎಂದೂ ಬರೆಯಬೇಡ.

ಹೇಳದಿದ್ದರೂ ಈ ಮನೆ ನಿನ್ನದೇ. ಬಾ, ಇರು, ಉಣ್ಣು. ನಾನು ಮಾತಾಡುವುದಿಲ್ಲ, ಇನ್ನು ಬರೆಯುವುದೂ ಇಲ್ಲ.

ಸೊಣ್ಣಮ್ಮ


ಬಿಳೇಕಹಳ್ಳಿ
17 ಫೆಬ್ರವರಿ 2026

ಅಜ್ಜಿಗೆ,

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತೇನೆ. ಅತ್ತೆಯನ್ನೂ ಕರೆತರುತ್ತೇನೆ, ಅವರೂ ಕೇಳಲಿ. ಅಪ್ಪ ಅಂಗಡಿಗೆ ಹೋಗದ ಹಾಗೆ ನೋಡಿಕೊಳ್ಳಿ. ಅವರನ್ನು ಟೀವಿಯ ಮುಂದೆ ನಾನೇ ಕೂರಿಸುತ್ತೇನೆ.

ಆಟ ಅವತ್ತಿಗೆ ಮುಗಿಯುತ್ತದೆ ಎಂದು ಗೊತ್ತು. ಅಪ್ಪ ಬೈಯುತ್ತಾರೆ. ತುಂಬಾ ಬೈಯುತ್ತಾರೆ. ಆಗ ನೀವು ನನ್ನ ಪರವಾಗಿ ಒಂದು ಮಾತೂ ಆಡಬೇಡಿ.

ದಿವ್ಯ